ಆ ತಾಯಿ ಯಾಕೆ ಸತ್ತಳು ಅಂತ ಅವಳ ಅತ್ತೆಗೆ ಇನ್ನೂ ಯಾರೂ ಹೇಳಿಲ್ಲ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಬಾಣಂತಿಯರನ್ನು ರಾತ್ರಿ ಹೊತ್ತು ರೆಫರ್ ಮಾಡುವ ರೀತಿ, ಮತ್ತು ತಾಯಿ ಮರಣದ ಕಾರಣವನ್ನು ಅವರ ಊರಿಗೆ ತಿಳಿಸುವ ಬಗ್ಗೆ.

ಮಾನ್ಯರೇ,

ನಾನು ಚಿತ್ರದುರ್ಗ ಜಿಲ್ಲೆಯ ಪೂರ್ವದ ಕಡೆ, ಶೇಂಗಾ ಬೆಳೆಯುವ ಸೀಮೆಯಲ್ಲಿ 38 ವರ್ಷ ಕಿರಿಯ ಮಹಿಳಾ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿದವಳು. ಹಳ್ಳಿಗಳಲ್ಲಿ ನನ್ನನ್ನು ನರ್ಸಮ್ಮ ಅಂತಲೇ ಕರೆಯುತ್ತಿದ್ದರು. 1987ರಲ್ಲಿ ಸೇರಿದೆ, 2025ರಲ್ಲಿ ನಿವೃತ್ತಿಯಾದೆ. ಸೇವೆಯಲ್ಲಿದ್ದಾಗ ಇಂಥ ಪತ್ರ ಬರೆಯುವ ಹಾಗಿರಲಿಲ್ಲ. ಈಗ ಬರೆಯಬಹುದು. ಬರೆಯಲೇಬೇಕು ಅನ್ನಿಸಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಯಾವ ಆಸ್ಪತ್ರೆ, ಯಾವ ಡಾಕ್ಟರು, ಯಾವ ಊರು ಅಂತ ಇಲ್ಲಿ ಬರೆಯುವುದಿಲ್ಲ. ಒಬ್ಬರನ್ನು ಸಸ್ಪೆಂಡ್ ಮಾಡಿಸುವುದು ನನ್ನ ಉದ್ದೇಶ ಅಲ್ಲ. ಸಸ್ಪೆಂಡ್ ಆಗಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಅದರಿಂದ ಮುಂದಿನ ಬಾಣಂತಿ ಉಳಿದದ್ದನ್ನು ನಾನು ಕಾಣಲಿಲ್ಲ.

ಕೊರೊನಾ ಬರುವ ಹಿಂದಿನ ವರ್ಷ, ಮುಂಗಾರು ಬಿತ್ತನೆಯ ಕಾಲ. ರಾತ್ರಿ ಎರಡು ಗಂಟೆ ದಾಟಿತ್ತು. ನಮ್ಮ ಆಶಾ ಕಾರ್ಯಕರ್ತೆ ಫೋನ್ ಮಾಡಿದಳು. "ಅಕ್ಕಾ, ಹೆರಿಗೆ ಆಯ್ತು, ಹೆಣ್ಣು ಮಗು, ಚೆನ್ನಾಗಿದೆ. ಆದ್ರೆ ರಕ್ತ ನಿಲ್ತಾ ಇಲ್ಲ" ಅಂದಳು. ನನ್ನ ಮನೆಗೂ ಆ ಆಸ್ಪತ್ರೆಗೂ ಹತ್ತು ನಿಮಿಷದ ದಾರಿ. ನಾನು ಹೋಗುವಷ್ಟರಲ್ಲಿ ಮಾಸು ಬಿದ್ದಿತ್ತು. ಡ್ಯೂಟಿಯಲ್ಲಿದ್ದ ನರ್ಸು ಇಂಜೆಕ್ಷನ್ ಕೊಟ್ಟಾಗಿತ್ತು. ಆ ಹುಡುಗಿ ಒಬ್ಬಳೇ ಇದ್ದಳು, ಬೆವೆತು ಹೋಗಿದ್ದಳು. ಅವಳ ತಪ್ಪು ಅಂತ ನಾನು ಇವತ್ತಿಗೂ ಹೇಳಲಾರೆ.

ಹೆರಿಗೆಯಾದ ಮೇಲೆ ಗರ್ಭಚೀಲ ಬಿಗಿದುಕೊಂಡು ತೆಂಗಿನಕಾಯಿಯಷ್ಟು ಗಟ್ಟಿಯಾಗಬೇಕು. ಬಿಗಿದರೆ ರಕ್ತನಾಳಗಳ ಬಾಯಿ ಮುಚ್ಚುತ್ತದೆ. ಬಿಗಿಯದಿದ್ದರೆ ರಕ್ತ ನಲ್ಲಿ ಬಿಟ್ಟ ಹಾಗೆ ಹೋಗುತ್ತದೆ. ಯಾಕೆಂದರೆ ತುಂಬು ಬಸುರಿಯ ಗರ್ಭಚೀಲಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಜಾಸ್ತಿ ರಕ್ತ ಹರಿಯುತ್ತಿರುತ್ತದೆ. ನಾನು ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿದೆ. ನಾದಿದ ಹಿಟ್ಟಿನ ಹಾಗೆ ಮೆತ್ತಗಿತ್ತು.

"ಮುಂದಕ್ಕೆ ಕರ್ಕೊಂಡು ಹೋಗಿ" ಅಂದರು ಆ ಆಸ್ಪತ್ರೆಯವರು. 108 ಆಂಬುಲೆನ್ಸ್ ಇನ್ನೊಂದು ಕೇಸಿಗೆ ಹೋಗಿತ್ತು. ಅದು ಬರುವಾಗ 3 ಗಂಟೆ 10 ನಿಮಿಷ. ಟೈಮನ್ನು ಅಂಗೈ ಮೇಲೆ ಪೆನ್ನಲ್ಲಿ ಬರೆದುಕೊಂಡಿದ್ದೆ, ಅದಕ್ಕೇ ಇಷ್ಟು ಸರಿಯಾಗಿ ಹೇಳುತ್ತಿದ್ದೇನೆ. ಗಾಡಿಯಲ್ಲಿ ನಾನೇ ಅವಳ ಪಕ್ಕ ಕೂತೆ. ದಾರಿಯುದ್ದಕ್ಕೂ ಹೊಟ್ಟೆ ಉಜ್ಜುತ್ತಾ ಬಂದೆ. ಉಜ್ಜಿದರೆ ಕೈ ಕೆಳಗೆ ಚೀಲ ಬಿಗಿಯುತ್ತಿತ್ತು. ಗಾಡಿ ಹಳ್ಳಕ್ಕೆ ಇಳಿದು ಕೈ ಜಾರಿದರೆ ಮತ್ತೆ ಮೆತ್ತಗಾಗುತ್ತಿತ್ತು. ಅವಳು ಒಂದು ಸಲ ಕಣ್ಣು ಬಿಟ್ಟು "ನೀರು" ಅಂದಳು. ಆಮೇಲೆ "ಮಗಿಗೆ ಹಾಲು ಕುಡಿಸಿದ್ರಾ?" ಅಂತ ಕೇಳಿದಳು.

ಎರಡನೇ ಆಸ್ಪತ್ರೆ ತಲುಪಿದ್ದು 3 ಗಂಟೆ 55ಕ್ಕೆ. ನಾವು ಬರುತ್ತಿದ್ದೇವೆ ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೊದಲಿನವರು ಕೊಟ್ಟ ಚೀಟಿಯಲ್ಲಿ ಒಂದೇ ಸಾಲು: ಹೆಚ್ಚಿನ ಚಿಕಿತ್ಸೆಗೆ ಕಳಿಸಲಾಗಿದೆ. ಬಿಪಿ ಎಷ್ಟು, ಯಾವ ಇಂಜೆಕ್ಷನ್ ಎಷ್ಟು ಹೊತ್ತಿಗೆ ಕೊಟ್ಟರು, ಎಷ್ಟು ರಕ್ತ ಹೋಗಿದೆ, ಏನೂ ಇಲ್ಲ. ನಾನು ಬಾಯಲ್ಲಿ ಹೇಳಿದೆ. ಅಲ್ಲಿ ರಕ್ತ ಇರಲಿಲ್ಲ. ರಕ್ತ ಇಡುವ ಫ್ರಿಜ್ ಇತ್ತು, ಅದನ್ನು ನೋಡಿಕೊಳ್ಳುವವರು ಬೆಳಿಗ್ಗೆ ಬರುತ್ತಾರೆ ಅಂದರು. ಮತ್ತೆ ಇನ್ನೊಂದು ಚೀಟಿ. ಮತ್ತೆ ಅದೇ ಸಾಲು. 5 ಗಂಟೆ 10ಕ್ಕೆ ಹೆದ್ದಾರಿಯ ಮೇಲೆ, ಮೂರನೇ ಆಸ್ಪತ್ರೆಯ ದೀಪ ಕಾಣುವ ಹೊತ್ತಿಗೆ, ನನ್ನ ಕೈ ಕೆಳಗೆ ಅವಳು ಹೋದಳು. ಅವಳಿಗೆ 26 ವರ್ಷ.

ಮಾನ್ಯರೇ, ಹೆರಿಗೆಯ ನಂತರ ರಕ್ತ ಹೋಗಲು ಶುರುವಾಗಿ ಚಿಕಿತ್ಸೆ ಸಿಗದಿದ್ದರೆ ಸಾವು ಬರಲು ಹಿಡಿಯುವ ಸಮಯ ಸರಾಸರಿ 2 ಗಂಟೆ ಅಂತ ನಮಗೆ ಟ್ರೈನಿಂಗಿನಲ್ಲಿ ಹೇಳಿಕೊಟ್ಟಿದ್ದಾರೆ. ಅವಳು ಮೂರು ಗಂಟೆಗೂ ಜಾಸ್ತಿ ತಡೆದಳು. ಅಷ್ಟು ಹೊತ್ತು ನಮಗಾಗಿ ಕಾದಳು ಅಂತಲೇ ನನಗೆ ಅನ್ನಿಸುತ್ತದೆ.

ಅದೇ ಟ್ರೈನಿಂಗಿನಲ್ಲಿ ಒಬ್ಬ ಮೇಡಂ ನಮಗೆ ಒಂದು ಕಥೆ ಹೇಳಿದ್ದರು. ಈಜಿಪ್ಟ್ ದೇಶದ ಅಸ್ಯೂತ್ ಊರಿನ ಮಹಮೂದ್ ಫತಲ್ಲಾ ಅನ್ನುವ ಹೆರಿಗೆ ಡಾಕ್ಟರು ಊರೂರು ದೇಶದೇಶ ತಿರುಗಿ ಹೇಳುತ್ತಿದ್ದ ಕಥೆ ಅದು. ಅವರು ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಜಗತ್ತಿನ ಹೆರಿಗೆ ತಜ್ಞರ ಒಕ್ಕೂಟದ ಅಧ್ಯಕ್ಷರಾಗಿದ್ದವರು. ಇಡೀ ಜೀವನ ಹೆಂಗಸರ ಆರೋಗ್ಯಕ್ಕೆ ವಾದಿಸಿ 2023ರಲ್ಲಿ ತೀರಿಕೊಂಡರು. ಅವರ ಕಥೆಯ ಹೆಂಗಸಿಗೆ ಹೆಸರಿಲ್ಲ, ಮಿಸೆಸ್ ಎಕ್ಸ್ ಅಂತ ಅಷ್ಟೇ. ಮಿಸೆಸ್ ಎಕ್ಸ್ ಯಾಕೆ ಸತ್ತಳು? ಮಾಸು ಕೆಳಗೆ ಕೂತಿತ್ತು, ರಕ್ತ ಹೋಯಿತು, ಸತ್ತಳು ಅಂತ ಆಸ್ಪತ್ರೆಯ ಡಾಕ್ಟರು ಬರೆದು ಫೈಲ್ ಮುಚ್ಚುತ್ತಾರೆ. ಫತಲ್ಲಾ ಅಲ್ಲಿಗೆ ಬಿಡುವುದಿಲ್ಲ. ಆಸ್ಪತ್ರೆಯಲ್ಲಿ ಅರ್ಧ ಲೀಟರ್ ರಕ್ತ ಮಾತ್ರ ಯಾಕಿತ್ತು? ಅಲ್ಲಿಗೆ ಬರಲು ನಾಲ್ಕು ಗಂಟೆ ಯಾಕೆ ಹಿಡಿಯಿತು? ಮೊದಲೇ ಅವಳಿಗೆ ರಕ್ತಹೀನತೆ ಇದ್ದದ್ದನ್ನು ಯಾರೂ ಯಾಕೆ ನೋಡಲಿಲ್ಲ? ಮಕ್ಕಳು ಸಾಕು ಅಂತಿದ್ದವಳು ಮತ್ತೆ ಯಾಕೆ ಬಸುರಾದಳು? ಹೀಗೆ ಹಿಂದಕ್ಕೆ ಹಿಂದಕ್ಕೆ ಹೋಗುತ್ತಾರೆ. ಹೆಂಗಸರು ಸಾಯುತ್ತಿರುವುದು ಔಷಧಿ ಗೊತ್ತಿಲ್ಲದೆ ಅಲ್ಲ, ಅವರ ಜೀವ ಉಳಿಸಲೇಬೇಕು ಅಂತ ಸಮಾಜ ಇನ್ನೂ ತೀರ್ಮಾನ ಮಾಡಿಲ್ಲ ಅಂತ ಅವರು ಹೇಳುತ್ತಿದ್ದರಂತೆ.

ಆ ರಾತ್ರಿ ಆದ ಮೇಲೆ ನಾನೂ ಹಾಗೆ ಹಿಂದಕ್ಕೆ ಹೋಗಿ ನೋಡಿದೆ.

ಅವಳ ತಾಯಿ ಕಾರ್ಡ್ ತುಂಬಿದವಳು ನಾನೇ. ಎಂಟನೇ ತಿಂಗಳಲ್ಲಿ ಹಿಮೋಗ್ಲೋಬಿನ್ 7.8. ಬಸುರಿಗೆ 11 ಇರಬೇಕು. ಕಬ್ಬಿಣದ ಮಾತ್ರೆ ಕೊಟ್ಟಿದ್ದೆ, ಎಣಿಸಿಯೇ ಕೊಟ್ಟಿದ್ದೆ. ಅವಳು ಸತ್ತ ಮೇಲೆ ಮನೆಗೆ ಹೋದಾಗ, ದೀಪ ಇಡುವ ಗೂಡಿನಲ್ಲಿ ಆರು ಸ್ಟ್ರಿಪ್ ಹಾಗೇ ಇದ್ದವು. ತಿಂದರೆ ಮಗು ದಪ್ಪ ಬೆಳೆದು ಹೆರಿಗೆ ಕಷ್ಟ ಆಗುತ್ತೆ ಅಂತ ಯಾರೋ ಹೇಳಿದ್ದರು. ಹೊಟ್ಟೆ ತೊಳಸುತ್ತಿತ್ತು ಅಂತಲೂ ಅತ್ತೆ ಅಂದರು. ಕೊಟ್ಟು ಬಂದೆ, ತಿಂದಳಾ ಅಂತ ಸರಿಯಾಗಿ ನೋಡಲಿಲ್ಲ. ಇದು ನನ್ನ ಪಾಲಿನ ತಪ್ಪು. ಇದನ್ನು ಮುಚ್ಚಿಟ್ಟುಕೊಂಡು ಬೇರೆಯವರ ಮೇಲೆ ಹೇಳಲು ನನಗೆ ಮನಸ್ಸಿಲ್ಲ. ಆದರೆ ಅವಳೊಬ್ಬಳೇ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ನೂರು ಬಸುರಿಯರಲ್ಲಿ 45ಕ್ಕೂ ಜಾಸ್ತಿ ಜನಕ್ಕೆ ರಕ್ತಹೀನತೆ ಇತ್ತು. ಇಂಥವರಿಗೆ ಸ್ವಲ್ಪ ರಕ್ತ ಹೋದರೂ ತಡೆಯುವ ಶಕ್ತಿ ಇರುವುದಿಲ್ಲ.

ಇನ್ನೂ ಹಿಂದಕ್ಕೆ ಹೋದರೆ, ಆ ಮೂರನೇ ಬಸುರು ಅವಳಿಗೆ ಬೇಕಿರಲಿಲ್ಲ. ಎರಡನೆಯದು ಆದ ಮೇಲೆ ಆಪರೇಷನ್‌ಗೆ ಬಂದಿದ್ದಳು. ರಕ್ತ ಕಮ್ಮಿ ಇದೆ, ಆಮೇಲೆ ಬಾ ಅಂತ ಕ್ಯಾಂಪಿನಿಂದ ವಾಪಸ್ ಕಳಿಸಿದರು. ಬಸುರಾಗದಂತೆ ಮೂರು ತಿಂಗಳಿಗೊಮ್ಮೆ ಹಾಕುವ ಅಂತರಾ ಇಂಜೆಕ್ಷನ್ ಕೇಳಿಕೊಂಡು ನನ್ನ ಹತ್ತಿರ ಬಂದಳು. ಒಂದು ಸಲ ಹಾಕಿದೆ. ಎರಡನೇ ಸಲ ಬಂದಾಗ ಸ್ಟಾಕ್ ಇರಲಿಲ್ಲ. ಮುಂದಿನ ವಾರ ಬಾ ಅಂದೆ. ಅವಳಿಗೆ ಕೂಲಿ ಬಿಟ್ಟು ಬರಲು ಆಗಲಿಲ್ಲ. ಗಂಡ ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದವನು, ಹಬ್ಬಕ್ಕೆ ಬಂದ. ಗಂಡಸರ ಆಪರೇಷನ್ ಬಗ್ಗೆ ಮಾತೆತ್ತಿದರೆ ನಮ್ಮ ಕಡೆ ಎದ್ದು ಹೋಗುತ್ತಾರೆ, ಗೊತ್ತಲ್ವಾ. 1930ರಲ್ಲೇ ಸರ್ಕಾರದ ವತಿಯಿಂದ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದ ಸಂಸ್ಥಾನ ನಮ್ಮ ಮೈಸೂರು. ಚಿತ್ರದುರ್ಗ ಆಗ ಅದರ ಒಂದು ಜಿಲ್ಲೆ. ಅಂಥ ನಾಡಿನಲ್ಲಿ ಒಂದು ಇಂಜೆಕ್ಷನ್ ಸ್ಟಾಕ್ ಇಲ್ಲದೆ ಒಬ್ಬ ಹೆಂಗಸು ಬೇಡದ ಬಸುರು ಹೊತ್ತಳು.

ಈಗ ಆಸ್ಪತ್ರೆಯ ಕಡೆಗೆ ಬರುತ್ತೇನೆ. ನನ್ನ ಮುಖ್ಯ ದೂರು ಇರುವುದು ಅಲ್ಲೇ.

ನಾನು ಸೇರಿದಾಗ ಹೆರಿಗೆಗಳು ಮನೆಯಲ್ಲೇ. ಸೂಲಗಿತ್ತಿಯರು ಮಾಡಿಸುತ್ತಿದ್ದರು. ನಮ್ಮ ಪಕ್ಕದ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತಲ್ಲ, ಅಂಥ ಕೈಗಳು ಊರಿಗೊಂದು ಇದ್ದವು. ಹೊಟ್ಟೆ ಮುಟ್ಟಿ ಮಗು ಹೇಗಿದೆ ಅಂತ ಹೇಳುವುದನ್ನು ನಾನು ಕಲಿತದ್ದೂ ಒಬ್ಬ ಅಜ್ಜಿಯಿಂದ. ಆದರೆ ರಕ್ತ ಹರಿಯಲು ಶುರುವಾದರೆ ಆ ಅಜ್ಜಿಯ ಹತ್ತಿರವೂ ಏನೂ ಇರುತ್ತಿರಲಿಲ್ಲ. ಅದಕ್ಕೇ ನಾವು ಮನೆ ಮನೆಗೆ ಹೋಗಿ ಆಸ್ಪತ್ರೆಗೆ ಬನ್ನಿ ಅಂದೆವು. 2005ರಲ್ಲಿ ಆಸ್ಪತ್ರೆಯಲ್ಲಿ ಹೆತ್ತವರಿಗೆ ಕೊಡುವ ಜನನಿ ಸುರಕ್ಷಾ ದುಡ್ಡು ಬಂತು, 2008ರಲ್ಲಿ 108 ಬಂತು. ಗೊಲ್ಲರಹಟ್ಟಿಗಳಲ್ಲಿ ಬಾಣಂತಿ ಮತ್ತು ಕೂಸನ್ನು ಸೂತಕ ಅಂತ ಹಟ್ಟಿಯ ಹೊರಗೆ ಗುಡಿಸಲಲ್ಲಿ ಇಡುತ್ತಿದ್ದರು, ಕೆಲವು ಕಡೆ ಇನ್ನೂ ಇಡುತ್ತಾರೆ. ಅಂಥ ಗುಡಿಸಲ ಬಾಗಿಲಲ್ಲಿ ಮಳೆಯಲ್ಲಿ ನಿಂತು, ಹಿರಿಯರ ಕೈಕಾಲು ಹಿಡಿದು, ಹೆರಿಗೆಗಾದರೂ ಆಸ್ಪತ್ರೆಗೆ ಕಳಿಸಿ ಅಂತ ಬೇಡಿದ್ದೇನೆ. ಬೈದರೆ ಯಾರೂ ಕಳಿಸಲ್ಲ. ಕೂತು ಮಾತಾಡಿದರೆ ಕಳಿಸುತ್ತಾರೆ. ಕಳಿಸಿದರು. ಈಗ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದೆ.

ಅಮೆರಿಕದ ಇಬ್ಬರು ಸಂಶೋಧಕರು 1994ರಲ್ಲಿ ಮೂರು ತಡಗಳ ಲೆಕ್ಕ ಹೇಳಿದ್ದರು. ಹೋಗಬೇಕು ಅಂತ ಮನೆಯಲ್ಲಿ ತೀರ್ಮಾನ ಮಾಡುವ ತಡ, ದಾರಿಯ ತಡ, ಆಸ್ಪತ್ರೆ ತಲುಪಿದ ಮೇಲೆ ಆಗುವ ತಡ. ಮೊದಲನೆಯದನ್ನು ನಮ್ಮ ಹೆಣ್ಣುಮಕ್ಕಳು ಮತ್ತು ಅವರ ಮನೆಯವರು ಕಮ್ಮಿ ಮಾಡಿದ್ದಾರೆ. ನಮ್ಮ ಮಾತು ನಂಬಿ ಬಂದಿದ್ದಾರೆ. ಮೂರನೆಯದು ನಮ್ಮದು, ಸರ್ಕಾರದ್ದು. ಅವಳು ಹೆರಿಗೆ ನೋವು ಬಂದ ಒಂದು ಗಂಟೆಯೊಳಗೆ ಆಸ್ಪತ್ರೆಯಲ್ಲಿದ್ದಳು. ಅವಳ ಕಡೆಯಿಂದ ಒಂದು ನಿಮಿಷವೂ ತಡ ಆಗಿರಲಿಲ್ಲ.

ಎಷ್ಟು ರಕ್ತ ಹೋಯಿತು ಅಂತ ಯಾರಿಗೂ ಗೊತ್ತಿರಲಿಲ್ಲ ಅಂದೆನಲ್ಲ. ಆಮೇಲೆ ಫಾರಂ ತುಂಬಲು ಕೂತಾಗ ಅವಳ ಅತ್ತೆಯನ್ನು ಕೇಳಿದೆ. ಆಯಮ್ಮ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಎಲ್ಡು ಹಳೇ ಸೀರೆ ಪೂರ್ತಿ ತೊಯ್ದು ಹೋದ್ವು ಕಣಮ್ಮ" ಅಂದರು. ಅದೊಂದೇ ಅಳತೆ ನಮಗೆ ಸಿಕ್ಕಿದ್ದು.

ಅಳೆಯಲು ಸಾಧನ ಇದೆ ಮಾನ್ಯರೇ. ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ತುದಿಯಲ್ಲಿ ಚೀಲ, ಚೀಲದ ಮೇಲೆ ಗೆರೆ. ರಕ್ತ ಇಷ್ಟು ಅಂತ ಗೆರೆ ನೋಡಿದರೆ ಗೊತ್ತಾಗುತ್ತದೆ. ಇದನ್ನು ಮೊದಮೊದಲು ಬಳಸಿ ನೋಡಿದ ಜಾಗಗಳಲ್ಲಿ ನಮ್ಮದೇ ಬೆಳಗಾವಿ ಜಿಲ್ಲೆ ಒಂದು. 2002ರಿಂದ 2005ರವರೆಗೆ ಅಲ್ಲಿನ ಹಳ್ಳಿಗಳಲ್ಲಿ 1620 ತಾಯಂದಿರ ಮೇಲೆ ಒಂದು ಅಧ್ಯಯನ ನಡೆಯಿತು. ಹೆರಿಗೆಯಾದ ಕೂಡಲೇ ಅರ್ಧ ಜನಕ್ಕೆ ಗರ್ಭಚೀಲ ಬಿಗಿಸುವ ಮಿಸೊಪ್ರೊಸ್ಟಾಲ್ ಮಾತ್ರೆ ನುಂಗಿಸಿದರು. ಮಾತ್ರೆ ಸಿಗದವರಲ್ಲಿ ನೂರಕ್ಕೆ 12 ಜನಕ್ಕೆ ಅತಿಯಾದ ರಕ್ತಸ್ರಾವ ಆಯಿತು. ಸಿಕ್ಕವರಲ್ಲಿ ಅದು 6.4ಕ್ಕೆ ಇಳಿಯಿತು. 2006ರಲ್ಲಿ ಇದು ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 2011ರಲ್ಲಿ ಆ ಮಾತ್ರೆ ರಕ್ತಸ್ರಾವ ತಡೆಯಲು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಗೂ ಸೇರಿತು. ಆ ಹಳ್ಳಿಗಳಲ್ಲಿ ಮಾತ್ರೆ ಕೊಟ್ಟವರು, ರಕ್ತ ಅಳೆದವರು ಯಾರು ಗೊತ್ತಾ? ನನ್ನ ಹಾಗಿನ ನರ್ಸಮ್ಮಗಳು. ಇದನ್ನು ಬರೆಯುವಾಗ ನನಗೆ ಹೆಮ್ಮೆಯಿಂದ ಕಣ್ಣು ತುಂಬುತ್ತದೆ.

ಆಮೇಲೆ 2023ರಲ್ಲಿ ಕೀನ್ಯಾ, ನೈಜೀರಿಯಾ, ತಾಂಜಾನಿಯಾ, ದಕ್ಷಿಣ ಆಫ್ರಿಕಾದ ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಜಾಸ್ತಿ ಹೆರಿಗೆಗಳನ್ನು ನೋಡಿ ಇನ್ನೊಂದು ಫಲಿತಾಂಶ ಬಂತು. ಗೆರೆಯ ಹಾಳೆಯಲ್ಲಿ ರಕ್ತ ಅಳೆಯಬೇಕು. ಜಾಸ್ತಿ ಅಂತ ಕಂಡ ತಕ್ಷಣ ಹೊಟ್ಟೆ ಉಜ್ಜುವುದು, ಗರ್ಭಚೀಲ ಬಿಗಿಸುವ ಆಕ್ಸಿಟೋಸಿನ್, ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಎಲ್ಲಿಂದ ರಕ್ತ ಬರುತ್ತಿದೆ ಅಂತ ಪರೀಕ್ಷೆ, ಇವೆಲ್ಲ ಒಂದಾದ ಮೇಲೊಂದು ಕಾಯದೆ ಒಟ್ಟಿಗೇ ಶುರು ಮಾಡಬೇಕು. ಹೀಗೆ ಮಾಡಿದ ಕಡೆ ತೀವ್ರ ರಕ್ತಸ್ರಾವದಂಥ ಅಪಾಯಗಳು ನೂರಕ್ಕೆ 60ರಷ್ಟು ಕಮ್ಮಿಯಾದವು. ಇದಕ್ಕೆ ಹೊಸ ಬಿಲ್ಡಿಂಗ್ ಬೇಡ. ನಾನು ನಿವೃತ್ತಿಯಾಗುವ ದಿನದವರೆಗೂ ನಾನು ಓಡಾಡಿದ ಹೆರಿಗೆ ಕೋಣೆಗಳಲ್ಲಿ ಆ ಹಾಳೆಯನ್ನು ಕಾಣಲಿಲ್ಲ.

ಅವಳು ಸತ್ತ ಮೇಲೆ ಏನಾಯಿತು ಅಂತಲೂ ಹೇಳಬೇಕು. ತಾಯಿ ಮರಣವಾದರೆ ತನಿಖೆ ಮಾಡಬೇಕು ಅಂತ 2010ರಿಂದ ಮಾರ್ಗಸೂಚಿ ಇದೆ, 2017ರಲ್ಲಿ ಅದನ್ನು ಪರಿಷ್ಕರಿಸಿದರು. ಮನೆಗೆ ಹೋಗಿ ಕೇಳಬೇಕು, ಆಸ್ಪತ್ರೆಯಲ್ಲಿ ಕೇಳಬೇಕು, ಜಿಲ್ಲಾ ಮಟ್ಟದಲ್ಲಿ ಸಭೆ ಕೂರಬೇಕು. ಯಾರನ್ನೂ ಶಿಕ್ಷಿಸಲು ಅಲ್ಲ, ಕಲಿಯಲು ಅಂತ ಅದರಲ್ಲೇ ಇದೆ. ಒಳ್ಳೆಯ ಮಾರ್ಗಸೂಚಿ. ಆ ಮನೆಯಲ್ಲಿ ಕೂತು ನಾವು ಫಾರಂ ತುಂಬಿದೆವು. ಮಗು ಅತ್ತೆಯ ಮಡಿಲಲ್ಲಿ ಮಲಗಿತ್ತು. ಎಲ್ಲ ಮುಗಿದು ಏಳುವಾಗ ಆಯಮ್ಮ ಕೇಳಿದರು, "ಮೀಟಿಂಗಲ್ಲಿ ಏನಂತಾರೋ ಬಂದು ಹೇಳ್ತೀರಾ ಅಮ್ಮ?" ಹೇಳ್ತೀನಿ ಅಂದೆ.

ನನಗೆ ಒಂದು ನೋಟಿಸ್ ಬಂತು. ಅವಳು ಮಾತ್ರೆ ತಿನ್ನುತ್ತಿದ್ದಾಳಾ ಅಂತ ಯಾಕೆ ನೋಡಿಕೊಳ್ಳಲಿಲ್ಲ ಅಂತ. ಉತ್ತರ ಕೊಟ್ಟೆ. ಆಶಾಳನ್ನು ಕರೆದು ಬೈದರು. ಅಷ್ಟೇ. ಸಭೆಯಲ್ಲಿ ಏನು ತೀರ್ಮಾನ ಆಯಿತು, ರಾತ್ರಿ ಫ್ರಿಜ್ ನೋಡಿಕೊಳ್ಳುವವರು ಯಾಕಿರಲಿಲ್ಲ, ಒಂದು ಫೋನ್ ಯಾಕೆ ಮಾಡಲಿಲ್ಲ, ಇದಕ್ಕೆಲ್ಲ ಏನು ಉತ್ತರ ಅಂತ ನನಗಾಗಲಿ, ಆ ಮೊದಲ ಆಸ್ಪತ್ರೆಯ ನರ್ಸು ಹುಡುಗಿಗಾಗಲಿ ಯಾರೂ ತಿಳಿಸಲಿಲ್ಲ. ಮುಂದಿನ ವರ್ಷ ಅದೇ ದಾರಿಯಲ್ಲಿ, ಅದೇ ರೀತಿ ಒಂದೇ ಸಾಲಿನ ಚೀಟಿ ಹಿಡಿದು ಇನ್ನೊಬ್ಬಳು ಹೋದಳು. ಅವಳು ಉಳಿದಳು. ಅವಳ ಮೈದುನನ ರಕ್ತ ಹೊಂದಿತು, ಅದೃಷ್ಟ.

ಇಂಗ್ಲೆಂಡಿನಲ್ಲಿ 1952ರಿಂದ ತಾಯಂದಿರ ಸಾವುಗಳನ್ನು ಹೆಸರು ಬಹಿರಂಗ ಮಾಡದೆ ಪರಿಶೀಲಿಸಿ, ಪಾಠಗಳನ್ನು ಪ್ರಕಟಿಸುತ್ತಾರೆ. ನಮ್ಮ ಪಕ್ಕದ ಕೇರಳದಲ್ಲಿ 2004ರಿಂದ ಹೆರಿಗೆ ಡಾಕ್ಟರುಗಳ ಸಂಘವೇ ಮುಂದೆ ನಿಂತು ಇದನ್ನು ಮಾಡುತ್ತಿದೆ. 2018-20ರ ಲೆಕ್ಕದಲ್ಲಿ ಲಕ್ಷ ಜೀವಂತ ಜನನಕ್ಕೆ ಕೇರಳದಲ್ಲಿ ಸತ್ತ ತಾಯಂದಿರು 19, ನಮ್ಮಲ್ಲಿ 69. ಅದೊಂದರಿಂದಲೇ ಹೀಗಾಯಿತು ಅಂತ ಹೇಳಲ್ಲ. ನಾವೂ ಸುಮ್ನೆ ಕೂತಿಲ್ಲ, 2001-03ರಲ್ಲಿ ನಮ್ಮ ಲೆಕ್ಕ 228 ಇತ್ತು. ಆ ಇಳಿಕೆಯಲ್ಲಿ ನನ್ನಂಥವರ ಕಾಲಿನ ಸವೆತವೂ ಇದೆ. ಆದರೆ 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ ಇಡೀ ರಾಜ್ಯ ಯಾಕೆ ಯಾಕೆ ಅಂತ ಕೇಳಿತು. ಒಬ್ಬೊಬ್ಬರಾಗಿ, ಬೇರೆ ಬೇರೆ ಊರಲ್ಲಿ, ರಾತ್ರಿ ಹೊತ್ತು ಸತ್ತವರ ಬಗ್ಗೆಯೂ ಅಷ್ಟೇ ಜೋರಾಗಿ ಕೇಳಬೇಕಲ್ವಾ?

ನನ್ನ ಬೇಡಿಕೆಗಳು ದೊಡ್ಡವಲ್ಲ.

ಬಾಣಂತಿಯನ್ನು ಮುಂದಕ್ಕೆ ಕಳಿಸುವ ಮುಂಚೆ ಒಂದು ಫೋನ್ ಕಡ್ಡಾಯ ಮಾಡಿ. ಇದನ್ನು ಎಲ್ಲಕ್ಕಿಂತ ಮೊದಲು ಕೇಳುತ್ತೇನೆ. ಜಿಲ್ಲೆಗೊಂದು ನಂಬರು, 24 ಗಂಟೆಯೂ ಎತ್ತುವವರು ಇರಲಿ. ಎಲ್ಲಿ ರಕ್ತ ಇದೆ, ಎಲ್ಲಿ ಡಾಕ್ಟರು ಇದ್ದಾರೆ ಅಂತ ಅವರಿಗೆ ಗೊತ್ತಿರಲಿ. "ಇಲ್ಲಿ ಬೇಡ, ನೇರ ಅಲ್ಲಿಗೆ ಹೋಗಿ" ಅಂತ 2 ಗಂಟೆ 35ಕ್ಕೆ ಯಾರಾದರೂ ಹೇಳಿದ್ದರೆ ನಾವು ಎರಡನೇ ಆಸ್ಪತ್ರೆಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಚಿತ್ರದುರ್ಗದಿಂದ ದಾವಣಗೆರೆಗೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ಬಾಣಂತಿಗೆ ಅದೂ ದೂರವೇ. ಅಲ್ಲಿಗೆ ಹೋಗಿ ಇಲ್ಲ ಅನ್ನಿಸಿಕೊಳ್ಳುವ ಹಾಗೆ ಯಾರನ್ನೂ ಕಳಿಸಬಾರದು. ಚೀಟಿಯಲ್ಲಿ ಸಮಯ, ಬಿಪಿ, ಹೋದ ರಕ್ತ, ಕೊಟ್ಟ ಔಷಧಿ, ಮಾತಾಡಿದವರ ಹೆಸರು, ಇಷ್ಟು ಬರೆಯದಿದ್ದರೆ ಅದು ಚೀಟಿಯೇ ಅಲ್ಲ ಅಂತ ಆದೇಶ ಮಾಡಿ.

ತಾಲ್ಲೂಕು ಆಸ್ಪತ್ರೆಗಳ ರಕ್ತ ಸಂಗ್ರಹ ಘಟಕಕ್ಕೆ ರಾತ್ರಿಗೂ ಒಬ್ಬ ಟೆಕ್ನಿಷಿಯನ್ ಕೊಡಿ. ಗೆರೆಯ ಹಾಳೆ ಪ್ರತಿ ಹೆರಿಗೆ ಕೋಣೆಗೂ ಬರಲಿ. ಆಕ್ಸಿಟೋಸಿನ್ ಇಡುವ ಫ್ರಿಜ್‌ಗೆ ಕರೆಂಟ್ ಹೋದರೂ ನಡೆಯುವ ವ್ಯವಸ್ಥೆ ಇರಲಿ, ಬಿಸಿಗೆ ಅದರ ಶಕ್ತಿ ಹೋಗುತ್ತದೆ, ನಮ್ಮ ಸೀಮೆಯ ಏಪ್ರಿಲ್ ನಿಮಗೆ ಗೊತ್ತೇ ಇದೆ. ಅಂತರಾ ಸ್ಟಾಕ್ ಮುಗಿಯುವ ಮುಂಚೆಯೇ ಉಪಕೇಂದ್ರಕ್ಕೆ ಬರಲಿ.

ಕೊನೆಯದು, ಸತ್ತ ತಾಯಿಯ ಬಗ್ಗೆ ಸಭೆ ಏನು ಹೇಳಿತು ಅನ್ನುವುದು ಊರಿಗೆ ವಾಪಸ್ ಬರಬೇಕು. ಕನ್ನಡದಲ್ಲಿ, ಒಂದು ಪುಟ, ಯಾರ ಹೆಸರೂ ಇಲ್ಲದೆ. ಏನಾಗಿತ್ತು, ಏನು ಬದಲಾಯಿಸಿದ್ದೇವೆ, ಯಾವಾಗ ಬದಲಾಯಿಸಿದ್ದೇವೆ. ಮೂರು ತಿಂಗಳಿಗೊಮ್ಮೆ ಜಿಲ್ಲೆಯ ಎಲ್ಲ ನರ್ಸುಗಳಿಗೆ, ಆಶಾಗಳಿಗೆ ಅದನ್ನು ಓದಿ ಹೇಳಬೇಕು. ಮನೆಯವರಿಗೆ ಮೊದಲು ಹೇಳಬೇಕು, ಮನೆಗೇ ಹೋಗಿ. ಅದನ್ನು ನೋಟಿಸ್ ಕೊಡಲು ಬಳಸಬೇಡಿ. ಬಳಸಿದರೆ ಮುಂದಿನ ಸಲ ನಮ್ಮ ಹುಡುಗಿಯರು ನಿಜ ಹೇಳುವುದಿಲ್ಲ. ನಾನು ಮಾತ್ರೆಯ ವಿಷಯ ನಿಜ ಹೇಳಿದೆ, ನೋಟಿಸ್ ಬಂದದ್ದು ನನಗೆ. ಸುಳ್ಳು ಹೇಳಿದ್ದರೆ ಬರುತ್ತಿರಲಿಲ್ಲ. ಆದರೂ ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ.

ಆ ರಾತ್ರಿ ಹುಟ್ಟಿದ ಮಗು ಈಗ ಒಂದನೇ ಕ್ಲಾಸು. ಎರಡು ಜಡೆ, ಮುಂದಿನ ಹಲ್ಲು ಬಿದ್ದಿದೆ. ನಿವೃತ್ತಿಯ ವಾರ ಎಲ್ಲರಿಗೂ ಹೇಳಿ ಬರಲು ಹೋದಾಗ ಆ ಮನೆಗೂ ಹೋದೆ. ಅಜ್ಜಿ ಟೀ ಕೊಟ್ಟರು. ಪಕ್ಕದಲ್ಲಿ ಕೂತು, "ಅದೇ, ಮೀಟಿಂಗಲ್ಲಿ ಏನಂದ್ರಮ್ಮ?" ಅಂತ ಮತ್ತೆ ಕೇಳಿದರು. ಆರು ವರ್ಷವಾದ ಮೇಲೂ ಕೇಳಿದರು. ನನ್ನ ಹತ್ತಿರ ಹೇಳಲು ಏನೂ ಇರಲಿಲ್ಲ.

ಆಯಮ್ಮನಿಗೆ ಉತ್ತರ ಹೇಳಲು ನಿಮ್ಮ ಇಲಾಖೆಯಿಂದ ಒಬ್ಬರನ್ನು ಕಳಿಸಿ ಮಾನ್ಯರೇ. ಮನೆ ಎಲ್ಲಿದೆ ಅಂತ ನಾನೇ ಬಂದು ತೋರಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ,
ಚಿತ್ರದುರ್ಗ ಜಿಲ್ಲೆ.